ಮ್ಯಾಷ್ ಬಿಸಿ ಉಳಿಸಲು ಹಳೇ ಐಸ್ ಬಾಕ್ಸ್

ಮೈಸೂರಿನ ನಮ್ಮ ಮನೆಯಲ್ಲಿ ಬಿಯರ್ ಮಾಡುವಾಗ ಕಾಡುತ್ತಿದ್ದದ್ದು ಒಂದೇ: ಮ್ಯಾಷ್, ಅಂದರೆ ಬಿಸಿನೀರಲ್ಲಿ ನೆನೆಸಿದ ಮಾಲ್ಟ್, ಅದರ ಬಿಸಿ ಒಂದೇ ಸಮ ನಿಲ್ಲುತ್ತಿರಲಿಲ್ಲ. ಬಾರ್ಲಿ ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಪಿಷ್ಟ ಸಕ್ಕರೆಯಾಗಲು 65ರಿಂದ 67 ಡಿಗ್ರಿಯಲ್ಲಿ ಸುಮಾರು ಒಂದು ಗಂಟೆ ಇರಬೇಕು. ತೆಳು ಸ್ಟೀಲ್ ಪಾತ್ರೆ ಬೇಗ ಆರುತ್ತದೆ. ಗ್ಯಾಸ್ ಹಚ್ಚಿದರೆ ತಳ 75 ದಾಟುತ್ತದೆ, ಮೇಲೆ ಇನ್ನೂ 62. ಬಿಸಿ ಜಾಸ್ತಿಯಾದರೆ ಹುದುಗದ ಸಕ್ಕರೆ ಉಳಿದು ಬಿಯರ್ ದಪ್ಪಗೆ, ಸಿಹಿಯಾಗಿ ಬರುತ್ತದೆ.

ಮೂರು ಪಾತ್ರೆಯ ಸೆಟ್ ತಗೋ ಅಂದರು ಗೆಳೆಯರು. 10 ಲೀಟರಿಗೆ ಅಷ್ಟೆಲ್ಲ ಯಾಕೆ? ತೊಳೆಯೋರು ಯಾರು? ಭಾವನ ಮನೆ ಅಟ್ಟದಲ್ಲಿ ಸುಮ್ನೆ ಬಿದ್ದಿದ್ದ ಐಸ್ ಬಾಕ್ಸ್ ತಂದೆ. ದೇವರಾಜ ಮಾರ್ಕೆಟ್ ಹತ್ತಿರ ಜಾಳು ಪಾಲಿಯೆಸ್ಟರ್ ಬಟ್ಟೆ ಕೊಂಡು ಚೀಲ ಹೊಲಿಸಿದೆ.

ಮೊದಲು ಬಾಕ್ಸಿಗೆ ಬಿಸಿನೀರು ಸುರಿದು, ಹತ್ತು ನಿಮಿಷ ಬಿಟ್ಟು ಚೆಲ್ಲುತ್ತೇನೆ. ಇಲ್ಲದಿದ್ದರೆ ಬಾಕ್ಸೇ ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತದೆ. ಕಿಲೋ ಮಾಲ್ಟಿಗೆ 3 ಲೀಟರ್ ನೀರು, 72 ಡಿಗ್ರಿ. ತರಿಯಾಗಿ ಒಡೆದ ಮಾಲ್ಟ್ ಚೀಲದೊಳಗೆ ಬಿದ್ದ ಮೇಲೆ 66ರ ಆಸುಪಾಸಿಗೆ ಇಳಿಯುತ್ತದೆ. ಮುದ್ದೆ ತೊಳಸುವ ಹಾಗೆ ಕೋಲಿನಿಂದ ಚೆನ್ನಾಗಿ ತಿರುವಬೇಕು, ಒಳಗೆ ಒಣ ಗಂಟು ಉಳಿಯಬಾರದು. ಮುಚ್ಚಳ ಹಾಕಿ ಮೇಲೊಂದು ಕಂಬಳಿ. ಗಂಟೆ ಕಳೆದು ನೋಡಿದರೆ ಒಂದೆರಡು ಡಿಗ್ರಿ ಇಳಿದಿರುತ್ತದೆ, ಅಷ್ಟೇ.

ಆಮೇಲೆ ಬಿಳಿ ತಟ್ಟೆಗೆ ಒಂದು ತೊಟ್ಟು ರಸ, ಅದರ ಮೇಲೆ ಒಂದು ತೊಟ್ಟು ಅಯೋಡಿನ್. ಕಪ್ಪು-ನೀಲಿಗೆ ತಿರುಗಿದರೆ ಪಿಷ್ಟ ಬಾಕಿ ಇದೆ, ಇನ್ನೊಂದು ಕಾಲು ಗಂಟೆ ಬಿಡಿ. ಅಯೋಡಿನ್ನಿನ ಕಂದು ಬಣ್ಣವೇ ಉಳಿದರೆ ಚೀಲ ಎತ್ತಿ ಸೋರಲು ಬಿಡಿ. ತಟ್ಟೆಯಲ್ಲಿದ್ದದ್ದನ್ನು ಮಾತ್ರ ಚೆಲ್ಲಿಬಿಡಿ, ವಾಪಸ್ ಸುರಿಯಬೇಡಿ.