ಗಿಣಿಗೇರಿಯಲ್ಲಿ 40 ಸಾಧನಗಳ ಸಂರಚನೆ ಉಳಿಸಿಕೊಂಡ ಬಗೆ

ಕೊಪ್ಪಳದ ಹತ್ತಿರ ಗಿಣಿಗೇರಿಯ ಒಂದು ಕಾರ್ಖಾನೆಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ಸುಮಾರು 40 ಸಾಧನಗಳಿವೆ. ಹೆಚ್ಚಿನವು ಸಿಸ್ಕೊ ಸ್ವಿಚ್‌ಗಳು, ಉಳಿದವು ಮೈಕ್ರೋಟಿಕ್ ರೌಟರ್‌ಗಳು. ಅದಿರಿನ ಕೆಂಪು ದೂಳು ಒಳಗೆ ಸೇರಿ ಫ್ಯಾನ್ ನಿಂತುಹೋಗುವುದು ಇಲ್ಲಿ ಮಾಮೂಲು. ಒಂದು ಬೇಸಿಗೆ ಮಧ್ಯಾಹ್ನ ವೇಬ್ರಿಡ್ಜ್‌ನ ಸ್ವಿಚ್ ಹಾಗೆಯೇ ಕೆಟ್ಟಿತು. ಲಾರಿಗಳು ಗೇಟಿನಾಚೆಯವರೆಗೆ ಸಾಲುಗಟ್ಟಿದವು. ಅದರ ಸಂರಚನೆಯ, ಅಂದರೆ ಒಳಗಿನ ಸೆಟ್ಟಿಂಗ್‌ಗಳ, ಬ್ಯಾಕಪ್ ನನ್ನಲ್ಲಿದ್ದದ್ದು ಆರು ತಿಂಗಳು ಹಳೆಯದು. ಒಂದೊಂದೇ ಕೇಬಲ್ ಹಿಡಿದು, ಯಾವುದು ಎಲ್ಲಿಗೆ ಹೋಗುತ್ತದೆಂದು ಹುಡುಕುವುದರಲ್ಲಿ ಮೂರು ಗಂಟೆ ಹೋಯಿತು.

ಆ ವಾರವೇ ಸಂರಚನೆಗಳನ್ನು ತಾವಾಗಿಯೇ ಉಳಿಸಿಡುವ ಮುಕ್ತ ತಂತ್ರಾಂಶಗಳನ್ನು ಪರೀಕ್ಷಿಸಲು ಕುಳಿತೆ. ಮೊದಲು ರ್‍ಯಾನ್ಸಿಡ್. ಹಳೆಯದು, ನಂಬಿಕಸ್ಥ, ಬದಲಾದ ಸಾಲುಗಳನ್ನು ಇಮೇಲ್ ಮಾಡುತ್ತದೆ. ಆದರೆ ಅದರ ಪರ್ಲ್ ಭಾಷೆಯ ಕೋಡನ್ನು ತಿದ್ದುವಷ್ಟು ನನಗೆ ಪರ್ಲ್ ಬರುವುದಿಲ್ಲ. ರೂಬಿಯಲ್ಲಿ ಬರೆದ ಆಕ್ಸಿಡೈಸ್ಡ್ ನನ್ನ ಕೈಗೆ ಒಗ್ಗಿತು. ಪ್ರತಿ ಬಗೆಯ ಸಾಧನಕ್ಕೂ ಒಂದು ಚಿಕ್ಕ ಕಡತ; ಯಾವ ಆದೇಶ ಕೊಡಬೇಕು, ಯಾವ ಸಾಲು ಕೈಬಿಡಬೇಕು ಎಂಬುದೆಲ್ಲ ಅದರಲ್ಲೇ ಇರುತ್ತದೆ. ಗಂಟೆಗೊಮ್ಮೆ ಎಲ್ಲ ಸಾಧನಗಳಿಗೂ ಹೋಗಿ, ಬದಲಾವಣೆ ಕಂಡರೆ ಗಿಟ್‌ನಲ್ಲಿ (ಕಡತಗಳ ಹಳೆಯ ಆವೃತ್ತಿಗಳನ್ನೂ ಉಳಿಸಿಡುವ ತಂತ್ರಾಂಶ) ದಾಖಲಿಸುತ್ತದೆ. ಓಡುತ್ತಿರುವ ಸಂರಚನೆಯನ್ನೇ ತರುವುದರಿಂದ, ಯಾರಾದರೂ ಸ್ವಿಚ್‌ನಲ್ಲಿ ಉಳಿಸಲು ಮರೆತ ಬದಲಾವಣೆಯೂ ಸಿಗುತ್ತದೆ. ಹಳೆಯ ಸಿಸ್ಕೊಗಳಲ್ಲಿ ಎನ್‌ಟಿಪಿ (ನೆಟ್‌ವರ್ಕ್ ಮೂಲಕ ಸಮಯ ಹೊಂದಿಸುವ ವ್ಯವಸ್ಥೆ) ಗಡಿಯಾರದ ಒಂದು ಸಾಲು ತಾನಾಗಿಯೇ ಬದಲಾಗುತ್ತಿರುತ್ತದೆ. ಇಂಥದ್ದನ್ನು ಸೋಸದಿದ್ದರೆ ದಿನಕ್ಕೆ ಹತ್ತು ಸುಳ್ಳು ಬದಲಾವಣೆ ಬರುತ್ತವೆ, ನಾಲ್ಕೇ ದಿನಕ್ಕೆ ನೋಡುವುದನ್ನೇ ಬಿಡುತ್ತೇವೆ.

ಇಷ್ಟಕ್ಕೆ ನಿಲ್ಲಿಸಿದ್ದರೆ ಮತ್ತೆ ಸಿಕ್ಕಿಬೀಳುತ್ತಿದ್ದೆ. ಒಂದು ಬಿಡಿ ಸ್ವಿಚ್ಚನ್ನು ಪೂರ್ತಿ ಅಳಿಸಿ, ಮೇಜಿನ ಮೇಲಿಟ್ಟು, ಗಿಟ್‌ನಿಂದ ತೆಗೆದ ಕಡತವನ್ನು ಹಾಕಿದೆ. ಪೋರ್ಟ್‌ಗಳೆಲ್ಲ ಸರಿಯಾಗಿದ್ದವು. ಆದರೆ ವಿಲ್ಯಾನ್‌ಗಳನ್ನು, ಅಂದರೆ ಒಂದೇ ನೆಟ್‌ವರ್ಕಿನೊಳಗೆ ಬೇರ್ಪಡಿಸಿದ ಜಾಲಗಳನ್ನು, ಪಟ್ಟಿ ಮಾಡುವ ‘ಶೋ ವಿಲ್ಯಾನ್’ ಆದೇಶ ಕೊಟ್ಟರೆ, ಟ್ರಂಕ್ (ಹಲವು ವಿಲ್ಯಾನ್‌ಗಳನ್ನು ಒಟ್ಟಿಗೆ ಒಯ್ಯುವ ಕೊಂಡಿ) ಮೂಲಕ ಮುಂದಿನ ಸ್ವಿಚ್‌ಗೆ ಹಾದುಹೋಗಬೇಕಾದ ಕ್ಯಾಮೆರಾಗಳ ವಿಲ್ಯಾನ್ ಪಟ್ಟಿಯಲ್ಲೇ ಇಲ್ಲ! ವಿಟಿಪಿ (ಸ್ವಿಚ್‌ಗಳು ವಿಲ್ಯಾನ್ ಪಟ್ಟಿಯನ್ನು ಹಂಚಿಕೊಳ್ಳುವ ಸಿಸ್ಕೊ ವಿಧಾನ) ಸರ್ವರ್ ಸ್ಥಿತಿಯಲ್ಲಿರುವ ಸಿಸ್ಕೊ ಸ್ವಿಚ್ ವಿಲ್ಯಾನ್‌ಗಳನ್ನು ಫ್ಲ್ಯಾಶ್ ಮೆಮೊರಿಯಲ್ಲಿ ‘ವಿಲ್ಯಾನ್ ಡಾಟ್ ಡ್ಯಾಟ್’ ಎಂಬ ಬೇರೆ ಕಡತದಲ್ಲಿಡುತ್ತದೆ. ಓಡುತ್ತಿರುವ ಸಂರಚನೆಯಲ್ಲಿ ಅವು ಕಾಣುವುದಿಲ್ಲ. ಎಷ್ಟು ಒಳ್ಳೆಯ ತಂತ್ರಾಂಶವಾದರೂ ಸಾಧನ ತೋರಿಸಿದ್ದನ್ನು ಮಾತ್ರ ಬರೆದುಕೊಳ್ಳಬಲ್ಲದು. ಎರಡು ಭಾನುವಾರ ಕುಳಿತು ಸ್ವಿಚ್‌ಗಳನ್ನೆಲ್ಲ ವಿಟಿಪಿಯ ಟ್ರಾನ್ಸ್‌ಪರೆಂಟ್ ಸ್ಥಿತಿಗೆ (ತನ್ನ ವಿಲ್ಯಾನ್ ಪಟ್ಟಿಯನ್ನು ತಾನೇ ಇಟ್ಟುಕೊಳ್ಳುವ ಸ್ಥಿತಿ) ತಂದೆ. ಈಗ ವಿಲ್ಯಾನ್‌ಗಳು ಹೆಸರಿನ ಸಮೇತ ಕಡತದಲ್ಲಿ ಬರುತ್ತವೆ.

ಇನ್ನೊಂದು ಎಚ್ಚರಿಕೆ. ಸಾಧನಗಳ ಪಟ್ಟಿಯ ಕಡತದಲ್ಲಿ ಪಾಸ್‌ವರ್ಡ್‌ಗಳು ಬರಿಗಣ್ಣಿಗೆ ಕಾಣುವಂತೆಯೇ ಇರುತ್ತವೆ. ಅದನ್ನು ಆಕ್ಸಿಡೈಸ್ಡ್ ಓಡುವ ಖಾತೆಯೊಂದೇ ಓದುವಂತೆ ಬಿಗಿ ಮಾಡಿದ್ದೇನೆ. ಗಿಟ್ ಭಂಡಾರದ ಒಂದು ನಕಲು ಪ್ರತಿ ರಾತ್ರಿ ಆಡಳಿತ ಕಟ್ಟಡದ ಇನ್ನೊಂದು ಯಂತ್ರಕ್ಕೆ ಹೋಗುತ್ತದೆ. ತಿಂಗಳಿಗೊಂದು ಕಡತ ಆರಿಸಿ ಅದೇ ಬಿಡಿ ಸ್ವಿಚ್‌ಗೆ ಹಾಕಿ ನೋಡುತ್ತೇನೆ. ಈ ತಿಂಗಳು ಕ್ಯಾಂಟೀನಿನ ಸ್ವಿಚ್‌ನ ಸರದಿ.