ಚೀಲ ಹೊತ್ತು ನಾನೇ ಆ ದಾರಿ ನಡೆದೆ

ಕೊಡಗಿನ ಸಿದ್ದಾಪುರದ ಕಡೆ ಒಂದು ಕಾಫಿ ತೋಟದಲ್ಲಿ ನಾನು ರೈಟರ್, ಅಂದರೆ ಹಾಜರಿ, ಲೆಕ್ಕ ನೋಡುವವನು. ಒಂದು ಜನವರಿಯಲ್ಲಿ, ರೊಬಸ್ಟಾ ಕಾಫಿಯ ಕುಯ್ಲಿನ ನಡುವೆ, ನಮ್ಮ ಹುಡುಗನೊಬ್ಬ ಪಿಕಪ್ಪಿಗೆ ಚೀಲ ಏರಿಸುವಾಗ ಸೊಂಟ ಹಿಡಿದು ಅಲ್ಲೇ ಕೂತುಬಿಟ್ಟ. ಮೂರು ವಾರ ಕೆಲಸಕ್ಕೆ ಬರಲಾಗಲಿಲ್ಲ. 'ಹುಷಾರಪ್ಪಾ' ಅಂತ ದಿನಾ ಹೇಳುತ್ತಿದ್ದೆ. ಬರೀ ಹೇಳಿದರೆ ಸಾಲದು ಅಂತ ಅವತ್ತು ಮನಸ್ಸಿಗೆ ನಾಟಿತು.

ಮಾರನೇ ದಿನ ಹಾಜರಿ ಪುಸ್ತಕ ಮೇಸ್ತ್ರಿಗೆ ಕೊಟ್ಟು, ಗಿಡದ ಬುಡದಿಂದ ಕಣದವರೆಗೆ ಒಂದೇ ಚೀಲದ ಹಿಂದೆ ಹೋದೆ. ಅದನ್ನು ನಾಲ್ಕು ಸಲ ನೆಲದಿಂದ ಎತ್ತಿದರು. ಗಿಡದ ಹತ್ತಿರ, ತೂಕದ ಹತ್ತಿರ, ಪಿಕಪ್ಪಿನ ಹತ್ತಿರ, ಮತ್ತೆ ಕಣದಲ್ಲಿ. ಇಳಿಸಲು ಎತ್ತರದ ಜಾಗ ಇಲ್ಲ ಎನ್ನುವುದೊಂದೇ ಕಾರಣಕ್ಕೆ ಎಷ್ಟು ಸಲ ಬಗ್ಗುತ್ತಾರೆ!

ಆಮೇಲೆ ತಲೆಗೆ ಸಿಂಬೆ ಇಟ್ಟು ಅರ್ಧ ಚೀಲ ನಾನೇ ಹೊತ್ತೆ. ತೋಡು, ಅಂದರೆ ಸಣ್ಣ ಹಳ್ಳ, ದಾಟುವಲ್ಲಿ ಒಂದು ಚಪ್ಪಟೆ ಕಲ್ಲಿದೆ. ಬರಿಗೈಯಲ್ಲಿ ಸಾವಿರ ಸಲ ದಾಟಿದ್ದೆ. ಬೆಳಗಿನ ಇಬ್ಬನಿಗೆ ಅದರ ಮೇಲೆ ಪಾಚಿ ಜಾರುತ್ತಿತ್ತು. ಕುತ್ತಿಗೆ ಬಗ್ಗಿಸಿ ಕಾಲು ನೋಡಿಕೊಳ್ಳಲು ಆಗಲಿಲ್ಲ. ಹಿಂದೆ ಬರುತ್ತಿದ್ದ ಹಿರಿಯ ಹೆಂಗಸೊಬ್ಬರು ಹೇಳಿದರು: "ಭಾರಕ್ಕೆ ಹೆದರೂದಿಲ್ಲ ರೈಟ್ರೇ. ಈ ಕಲ್ಲು ಬಂದಾಗ ಮಾತ್ರ ಉಸಿರು ಬಿಗಿ ಹಿಡೀತೇನೆ." ಇಷ್ಟು ವರ್ಷ ನಾನು ಅವರನ್ನು ಕೇಳಿರಲೇ ಇಲ್ಲ. ನನಗೆ ತುಂಬಾ ಬೇಜಾರಾಯಿತು.

ಭಾರ ಎಷ್ಟು ಎನ್ನುವುದಷ್ಟೇ ಅಲ್ಲ, ಅದು ಮೈಯಿಂದ ಎಷ್ಟು ದೂರ, ಯಾವ ಎತ್ತರದಲ್ಲಿ ಎನ್ನುವುದೂ ಮುಖ್ಯ. ಬ್ರಿಟನ್ನಿನ ಸುರಕ್ಷತಾ ಇಲಾಖೆಯ ಲೆಕ್ಕ ನೋಡಿ. ಸೊಂಟದ ಮಟ್ಟದಲ್ಲಿ, ಮೈಗೆ ತಾಗಿಸಿ ಹಿಡಿದರೆ ಗಂಡಸಿಗೆ 25 ಕಿಲೋ, ಹೆಂಗಸಿಗೆ 16 ಕಿಲೋ. ಅದೇ ಗಂಡಸು ಪಾದದ ಮಟ್ಟದಿಂದ, ಕೈ ಚಾಚಿ ಎತ್ತಿದರೆ ಬರೀ 5 ಕಿಲೋ. ಇದು ಕಾನೂನಿನ ಮಿತಿ ಅಲ್ಲ, ಇದಕ್ಕಿಂತ ಜಾಸ್ತಿ ಆದರೆ ಸರಿಯಾಗಿ ಪರೀಕ್ಷಿಸಿ ಎನ್ನುವ ಸೂಚನೆ. ನಮ್ಮ ಚೀಲ 50 ಕಿಲೋ, ಅದೂ ನೆಲದಿಂದ. ಬಾಯಿವರೆಗೆ ತುಂಬಿ ಕಟ್ಟಿದ ಚೀಲಕ್ಕೆ ಹಿಡಿತವೂ ಸಿಗುವುದಿಲ್ಲ, ಹೊಟ್ಟೆಗೆ ಒರಗಿಸಲೂ ಆಗುವುದಿಲ್ಲ.

ಮೊದಲು ಚೀಲದ ತೂಕ ಅರ್ಧಕ್ಕೆ ಇಳಿಸಿದೆ. ಜನ ಒಪ್ಪಲಿಲ್ಲ. ಅವರು ಹೇಳಿದ್ದು ನ್ಯಾಯವೇ. ಕುಯ್ಯುವ ಕೂಲಿ ಕಿಲೋ ಲೆಕ್ಕ, ಎರಡು ಸಲ ನಡೆದರೆ ಅಷ್ಟು ಹಣ್ಣು ಕಮ್ಮಿ. ಸಾವ್ಕಾರ್ರ ಹತ್ತಿರ ಕೂತು ಮಾತಾಡಿ, ತಕ್ಕಡಿಯನ್ನೇ ಕುಯ್ಯುವ ಜಾಗಕ್ಕೆ ತಂದೆವು. ತೂಕ ಅಲ್ಲೇ, ಹೊರುವುದಕ್ಕೆ ಬೇರೆ ಜನ, ಅವರಿಗೆ ದಿನಗೂಲಿ. ತೂಕದ ಹತ್ತಿರ ಸಿಲ್ವರ್ ಓಕ್ ಮರದ ಹಲಗೆಯ ಬೆಂಚು ಹಾಕಿಸಿದೆ, ಪಿಕಪ್ಪಿನ ಡೆಕ್ಕಿನಷ್ಟೇ ಎತ್ತರ. ಈಗ ಚೀಲ ಎತ್ತುವುದಿಲ್ಲ, ಜಾರಿಸುತ್ತಾರೆ. ತೋಡಿಗೆ ಅಗಲವಾದ ಕಾಂಕ್ರೀಟ್ ಹಾಸು ಬಂತು.

ಇಬ್ಬರು ಸೇರಿ ಎತ್ತುವಾಗ ಒಂದು ತೊಂದರೆ ಇತ್ತು. ಒಬ್ಬ ಅಸ್ಸಾಮಿನವನು, ಇನ್ನೊಬ್ಬ ಇಲ್ಲಿಯವನು. ಒಬ್ಬ ಮೊದಲೇ ಎತ್ತಿದರೆ ಭಾರವೆಲ್ಲ ಅವನ ಮೇಲೆ. ಈಗ ಎಲ್ಲರೂ "ಏಕ್, ದೋ, ತೀನ್" ಅನ್ನುತ್ತಾರೆ, 'ತೀನ್'ಗೆ ಎತ್ತುತ್ತಾರೆ. ಸೊಂಟ ನೋಯಿಸಿಕೊಂಡ ಹುಡುಗನಿಗೆ ತಕ್ಕಡಿ ಕೆಲಸ ಕೊಟ್ಟೆ. ಒಮ್ಮೆ ನೋವು ಬಂದ ಬೆನ್ನನ್ನು ಮತ್ತೆ ಅದೇ ಕೆಲಸಕ್ಕೆ ಕಳಿಸಲು ನನಗೆ ಧೈರ್ಯ ಇಲ್ಲ.

ತೋಟದ ಮೇಲಿನ ಬ್ಲಾಕಿಗೆ ಮಾತ್ರ ಪಿಕಪ್ ಹತ್ತುವುದಿಲ್ಲ. ಅಲ್ಲಿ ಈಗಲೂ ತಲೆಹೊರೆಯೇ. ಹಿಂದೆ ದಾರಿ ಬದಿಯಲ್ಲಿ ಹೊರೆ ಇಳಿಸಲು ಕಲ್ಲು ನಿಲ್ಲಿಸುತ್ತಿದ್ದರಲ್ಲ, ಹಾಗೆ ಎದೆಮಟ್ಟದ ಎರಡು ಕಟ್ಟೆ ಕಟ್ಟಿಸುತ್ತಿದ್ದೇನೆ. ಎಲ್ಲಿ ಕಟ್ಟಬೇಕು ಅಂತ ಜಾಗ ತೋರಿಸಿದ್ದು ಅದೇ ಹಿರಿಯ ಹೆಂಗಸು.