ಎ4 ಹಾಳೆಯಷ್ಟು ಜಾಗದಲ್ಲಿ ನಿಮ್ಮದೇ ಡಿಜೆ ಕಂಟ್ರೋಲರ್

ಕಂಪ್ಯೂಟರಿನ ಡಿಜೆ ಸಾಫ್ಟ್‌ವೇರನ್ನು ನಾಬ್, ಬಟನ್‌ಗಳಿಂದ ನಡೆಸುವ ಡಬ್ಬಿಯೇ ಡಿಜೆ ಕಂಟ್ರೋಲರ್. ಅಂಗಡಿಯಲ್ಲಿ ಸಿಗುವ ಚಿಕ್ಕವುಗಳಲ್ಲಿ ಹೆಚ್ಚಿನವು ದೊಡ್ಡದರಲ್ಲಿ ಇರುವುದನ್ನೆಲ್ಲ ಕುಗ್ಗಿಸಿ ತುರುಕಿದಂಥವು. ನಾಬ್‌ಗಳ ನಡುವೆ ಬೆರಳು ಸಲೀಸಾಗಿ ಹೋಗಲ್ಲ. ಹಾಡಿನ ವೇಗ ಬದಲಿಸುವ ಪಿಚ್ ಫೇಡರ್ (ಸರಿಸುವ ಗುಂಡಿ) ಎಷ್ಟು ಗಿಡ್ಡ ಅಂದರೆ ಬೀಟ್ ಮ್ಯಾಚ್ ಮಾಡುವ, ಅಂದರೆ ಎರಡು ಹಾಡಿನ ತಾಳ ಹೊಂದಿಸುವ ಆಸೆಯೇ ಹೋಗುತ್ತದೆ. ನಾವೇ ಮಾಡಿಕೊಂಡರೆ ಬೇಡದ್ದನ್ನೆಲ್ಲ ಬಿಟ್ಟು, ಕೈ ದಿನಾ ಮುಟ್ಟುವ ಭಾಗಕ್ಕೆ ಧಾರಾಳವಾಗಿ ಜಾಗ ಕೊಡಬಹುದು.

ಹಾಗಾಗಿ ಸೋಲ್ಡರಿಂಗ್ ಐರನ್ ಆಮೇಲೆ. ಮೊದಲು ಈಗ ಬಳಸುತ್ತಿರುವ ಸಾಫ್ಟ್‌ವೇರ್‌ನಲ್ಲೇ ಒಂದು ಗಂಟೆ ಮಿಕ್ಸ್ ಮಾಡಿ, ಯಾವ್ಯಾವುದನ್ನು ಮುಟ್ಟಿದಿರಿ ಅಂತ ಬರೆದಿಟ್ಟುಕೊಳ್ಳಿ. ಒಂದು ಹಾಡು ನುಡಿಸುವ ಭಾಗಕ್ಕೆ ಡೆಕ್ ಅನ್ನುತ್ತಾರೆ. ನನ್ನ ಪಟ್ಟಿ ಹೀಗಿದೆ: ಪ್ರತಿ ಡೆಕ್‌ಗೆ ಹೈ, ಮಿಡ್, ಲೋ, ಫಿಲ್ಟರ್, ವಾಲ್ಯೂಮ್, ಪಿಚ್. ಎರಡು ಡೆಕ್ ಸೇರಿ 12 ಆಯ್ತು. ಕ್ರಾಸ್‌ಫೇಡರ್ ಮತ್ತು ಹೆಡ್‌ಫೋನ್ ಮಿಕ್ಸ್ ಸೇರಿದರೆ 14. ಬಟನ್‌ಗಳಲ್ಲಿ ಪ್ಲೇ, ಕ್ಯೂ, ಸಿಂಕ್, ಹೆಡ್‌ಫೋನ್, ನಾಲ್ಕು ಹಾಟ್ ಕ್ಯೂ (ಹಾಡಿನಲ್ಲಿ ಗುರುತಿಟ್ಟ ಜಾಗಕ್ಕೆ ಹಾರುವ ಬಟನ್), ಅಂದರೆ ಎರಡೂ ಡೆಕ್‌ಗೆ 16. ಹಾಡು ಹುಡುಕಲು ಒಂದು ಎನ್‌ಕೋಡರ್ (ಕೊನೆಯಿಲ್ಲದೆ ತಿರುಗುವ ನಾಬ್), ಅದನ್ನೇ ಒತ್ತಿ ಹಿಡಿದರೆ ಶಿಫ್ಟ್. ಎಫೆಕ್ಟ್ ನಾಬ್‌ಗಳನ್ನು ಬಿಟ್ಟೆ, ಫಿಲ್ಟರ್ ಒಂದೇ ಸಾಕು.

ಈಗ ಎ4 ಹಾಳೆಯನ್ನು ಅಡ್ಡ ಇಟ್ಟುಕೊಳ್ಳಿ. 297 ಮಿ.ಮೀ. ಅಗಲ, 210 ಮಿ.ಮೀ. ಆಳ. ಎಡಕ್ಕೆ 100 ಮಿ.ಮೀ. ಒಂದು ಡೆಕ್, ಬಲಕ್ಕೆ 100 ಇನ್ನೊಂದು, ನಡುವಿನ 85ರಲ್ಲಿ ಮಿಕ್ಸರ್. ನಾಬ್‌ನಿಂದ ನಾಬ್‌ಗೆ ಕೇಂದ್ರದಿಂದ ಕೇಂದ್ರಕ್ಕೆ 25 ಮಿ.ಮೀ.ಗಿಂತ ಕಡಿಮೆ ಮಾಡಬೇಡಿ. ಪಿಚ್‌ಗೆ 60 ಮಿ.ಮೀ. ಓಡುವ ಫೇಡರ್ ಹಾಕಿ. ಅದರ ಮೈ ಸುಮಾರು 88 ಮಿ.ಮೀ. ಇರುವುದರಿಂದ ಜಾಗ್ ಚಕ್ರದ (ಹಾಡನ್ನು ಕೈಯಿಂದ ಹಿಂದೆಮುಂದೆ ತಳ್ಳುವ ದುಂಡು ತಟ್ಟೆ, ಡೆಕ್‌ಗೊಂದು) ಮೇಲುಗಡೆ ಅಡ್ಡಕ್ಕೆ ಹಾಕಬೇಕಾಗುತ್ತದೆ. ಮೊದಮೊದಲು ವಿಚಿತ್ರ ಅನ್ನಿಸಬಹುದು, ಆದರೆ ಕೈ ಬೇಗ ಒಗ್ಗಿಕೊಳ್ಳುತ್ತದೆ. ವಾಲ್ಯೂಮ್ ಮತ್ತು ಕ್ರಾಸ್‌ಫೇಡರ್‌ಗೆ 45 ಮಿ.ಮೀ. ಸಾಕು. ಈ ನಕ್ಷೆಯನ್ನು ಶೇ. 100 ಅಳತೆಯಲ್ಲೇ ಪ್ರಿಂಟ್ ತೆಗೆದು (ಪುಟಕ್ಕೆ ಹೊಂದಿಸುವ ಆಯ್ಕೆ ಆಫ್ ಇರಲಿ) ರಟ್ಟಿಗೆ ಅಂಟಿಸಿ, ನಾಬ್ ಇರುವ ಕಡೆ ಬಾಟಲಿ ಮುಚ್ಚಳ ಅಂಟಿಸಿ, ಹಾಡು ಹಾಕಿಕೊಂಡು ಸುಮ್ನೆ ಕೈ ಆಡಿಸಿ. ಲೋ ತಿರುಗಿಸುವಾಗ ಗೆಣ್ಣು ಪಕ್ಕದ ಫೇಡರ್‌ಗೆ ತಾಗುತ್ತಾ? ಇಲ್ಲೇ ಗೊತ್ತಾಗಬೇಕು, ಅಕ್ರಿಲಿಕ್ ಕತ್ತರಿಸಿದ ಮೇಲೆ ಗೊತ್ತಾದರೆ ದುಡ್ಡು ದಂಡ.

ಮೆದುಳಿಗೆ ರಾಸ್ಪ್‌ಬೆರಿ ಪೈ ಪಿಕೋ ಎಂಬ ಪುಟ್ಟ ಮೈಕ್ರೊಕಂಟ್ರೋಲರ್ ಬೋರ್ಡ್ ಬಳಸಿ. ಯುಎಸ್‌ಬಿ ಮಿಡಿ (ಸಂಗೀತ ಉಪಕರಣಗಳು ಮಾತಾಡುವ ಭಾಷೆ) ಸಾಧನವಾಗಿ ನೇರವಾಗಿ ಕಾಣಿಸಿಕೊಳ್ಳುತ್ತದೆ, ಡ್ರೈವರ್ ಬೇಕಿಲ್ಲ. ಆರ್ಡುಯಿನೋ ಉನೋ ಮನೆಯಲ್ಲಿ ಬಿದ್ದಿದೆ ಅಂತ ಅದನ್ನೇ ಹಿಡಿದುಕೊಳ್ಳಬೇಡಿ. ಅದು ಕಂಪ್ಯೂಟರ್‌ಗೆ ಸೀರಿಯಲ್ ಪೋರ್ಟ್ ಆಗಿ ಕಾಣುತ್ತದೆ, ಮಿಡಿ ಮಾಡಿಸಲು ಬೇರೆ ಸರ್ಕಸ್ ಬೇಕು. ಪಿಕೋದಲ್ಲಿ ಅನಲಾಗ್ ಪಿನ್ ಮೂರೇ ಸಿಗುವುದು, ನಮಗೆ ಬೇಕಾಗಿರುವುದು 14. ಇದಕ್ಕೆ 4067 ಮಲ್ಟಿಪ್ಲೆಕ್ಸರ್ ಇದೆ, ಹಲವು ಸಿಗ್ನಲ್‌ಗಳನ್ನು ಸರದಿಯಲ್ಲಿ ಒಂದೇ ಪಿನ್ನಿಗೆ ತರುವ ಚಿಪ್. 16 ಚಾನೆಲ್, ನಾಲ್ಕು ಸೆಲೆಕ್ಟ್ ತಂತಿ, ಒಂದು ಸಿಗ್ನಲ್ ತಂತಿ. ಎರಡು ಚಾನೆಲ್ ಉಳಿದೇ ಉಳಿಯುತ್ತದೆ. ಅದಕ್ಕೂ ಪಾಟ್‌ಗಳಿಗೂ (ನಾಬ್‌ನ ಅಡಿಯ ಪೊಟೆನ್ಷಿಯೋಮೀಟರ್) 3.3 ವೋಲ್ಟ್ ಮಾತ್ರ ಕೊಡಿ. 5 ವೋಲ್ಟ್ ಕೊಟ್ಟರೆ ಪಿಕೋದ ಪಿನ್ ಸುಟ್ಟೀತು. ಪಾಟ್ ಮತ್ತು ಫೇಡರ್ ಎಲ್ಲ ಬಿ10ಕೆ ಇರಲಿ. ಬಿ ಅಂದರೆ ಲೀನಿಯರ್. ಎ ಗುರುತಿನದು ತಂದರೆ ಎಲ್ಲ ಬದಲಾವಣೆ ಒಂದೇ ಕೊನೆಯಲ್ಲಿ ಆಗಿಬಿಡುತ್ತದೆ. ಬೆಂಗಳೂರಿನಲ್ಲಿ ಇರುವವರು ಎಸ್.ಪಿ. ರೋಡಿಗೆ ಹೋಗಿ ಫೇಡರ್‌ಗಳನ್ನು ಕೈಯಲ್ಲೇ ಸರಿಸಿ ನೋಡಿ ಆರಿಸಿ. ಬಿಗಿ, ಸಡಿಲ ಫೋಟೋದಲ್ಲಿ ಕಾಣಲ್ಲ.

ಬಟನ್‌ಗಳಿಗೆ 4×4 ಮ್ಯಾಟ್ರಿಕ್ಸ್ (ನಾಲ್ಕು ಅಡ್ಡ, ನಾಲ್ಕು ಉದ್ದ ಸಾಲು), ಎಂಟು ಪಿನ್. ಪ್ರತಿ ಬಟನ್‌ಗೂ ಒಂದು 1ಎನ್4148 ಡಯೋಡ್ ಹಾಕಿ, ಇಲ್ಲದಿದ್ದರೆ ಮೂರು ಬಟನ್ ಒಟ್ಟಿಗೆ ಒತ್ತಿದಾಗ ಒತ್ತದ ನಾಲ್ಕನೆಯದೂ ಒತ್ತಿದಂತೆ ಕಾಣುತ್ತದೆ. ಸ್ವಿಚ್ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ, ಮೆಕ್ಯಾನಿಕಲ್ ಕೀಬೋರ್ಡ್ ಸ್ವಿಚ್ ತನ್ನಿ. ಪ್ಲೇ ಒತ್ತುವ ಕ್ಷಣ ಬೆರಳಿಗೆ ಖಚಿತವಾಗಿ ಗೊತ್ತಾಗಬೇಕು ಅಲ್ವಾ?

ಇನ್ನು ಪಿಚ್ ಫೇಡರ್. ಮಾಮೂಲಿ ಮಿಡಿ ಸಂದೇಶದಲ್ಲಿ ಬೆಲೆ 0ಯಿಂದ 127ರವರೆಗೆ ಮಾತ್ರ. ನಿಮ್ಮ ಪಿಚ್ ±8 ಶೇಕಡಾ ಅಂದರೆ ಒಂದು ಮೆಟ್ಟಿಲು ಸುಮಾರು ಶೇ. 0.126. ಎರಡು ಹಾಡು ಅರ್ಧ ಮೆಟ್ಟಿಲು ಹೆಚ್ಚುಕಮ್ಮಿ ಇದ್ದರೂ ಒಂದು ನಿಮಿಷದಲ್ಲಿ ಹತ್ತಿರಹತ್ತಿರ 38 ಮಿಲಿಸೆಕೆಂಡ್ ಆಚೀಚೆ ಆಗುತ್ತದೆ. ಎರಡು ಕಿಕ್ ಡ್ರಮ್ ಬೇರೆ ಬೇರೆಯಾಗಿ ಕೇಳಲು ಅಷ್ಟು ಸಾಕು. ಆದ್ದರಿಂದ ಪಿಚ್‌ಗೆ ಮಾತ್ರ 14 ಬಿಟ್ ಕಳಿಸಿ: ಕಂಟ್ರೋಲ್ ಸಂಖ್ಯೆ 0–31ರಲ್ಲಿ ಒಂದರಲ್ಲಿ ಮೇಲಿನ ಏಳು ಬಿಟ್, ಅದಕ್ಕೆ 32 ಕೂಡಿಸಿದ ಸಂಖ್ಯೆಯಲ್ಲಿ ಕೆಳಗಿನ ಏಳು. ಪಿಕೋದ 12 ಬಿಟ್ ರೀಡಿಂಗ್‌ನಲ್ಲಿ ಕೊನೆಯ ಬಿಟ್‌ಗಳು ಅಲುಗಾಡುತ್ತಲೇ ಇರುತ್ತವೆ. 16 ಸಲ ಓದಿ ಸರಾಸರಿ ತೆಗೆಯಿರಿ. ಜಿಪಿ23 ಪಿನ್ನನ್ನು ಹೈ ಮಾಡಿದರೆ ಬೋರ್ಡಿನ ರೆಗ್ಯುಲೇಟರ್ ಪವರ್ ಉಳಿಸುವ ಮೋಡ್ ಬಿಡುತ್ತದೆ, ರೀಡಿಂಗ್‌ನ ಅಲುಗಾಟ ಇನ್ನಷ್ಟು ಇಳಿಯುತ್ತದೆ. ಮಲ್ಟಿಪ್ಲೆಕ್ಸರ್ ಚಾನೆಲ್ ಬದಲಿಸಿದ ಕೂಡಲೇ ಓದಬೇಡಿ. ಹತ್ತು ಮೈಕ್ರೊಸೆಕೆಂಡ್ ಬಿಟ್ಟು, ಮೊದಲ ರೀಡಿಂಗ್ ಎಸೆದು, ಆಮೇಲೆ ಎಣಿಸಿ.

ಜಾಗ್ ಚಕ್ರಕ್ಕೆ ಬಹಳ ಜನ 600 ಪಲ್ಸ್‌ನ ಆಪ್ಟಿಕಲ್ ಎನ್‌ಕೋಡರ್ ಹಾಕುತ್ತಾರೆ. ಒಳ್ಳೆಯದೇ, ಆದರೆ ಅದರ ಮೈ ತುಂಬಾ ಎತ್ತರ, ನಮ್ಮ ಡಬ್ಬಿ ದಪ್ಪ ಆಗುತ್ತದೆ. ತೆಳ್ಳಗೆ ಬೇಕೆಂದರೆ ಎಎಸ್5600 ಮ್ಯಾಗ್ನೆಟಿಕ್ ಸೆನ್ಸರ್. ಸ್ಕೇಟ್‌ಬೋರ್ಡಿನ 608 ಬೇರಿಂಗ್‌ನಲ್ಲಿ ಎಂಟು ಮಿ.ಮೀ. ಅಕ್ಷ ಕೂರಿಸಿ, ಮೇಲೆ ಚಕ್ರ, ಕೆಳತುದಿಗೆ ಮ್ಯಾಗ್ನೆಟ್, ಅದರ ಕೆಳಗೆ ಒಂದೆರಡು ಮಿ.ಮೀ. ಅಂತರದಲ್ಲಿ ಸೆನ್ಸರ್. ಮ್ಯಾಗ್ನೆಟ್ ವ್ಯಾಸದ ಉದ್ದಕ್ಕೂ ಉತ್ತರ–ದಕ್ಷಿಣ ಇರುವ ಜಾತಿಯದೇ ಆಗಬೇಕು, ಫ್ರಿಜ್ಜಿನದು ಕೆಲಸ ಮಾಡಲ್ಲ. ಅಕ್ಷ ಕಬ್ಬಿಣದ ಬೋಲ್ಟ್ ಆದರೆ ಮ್ಯಾಗ್ನೆಟ್ಟಿಗೂ ಅದಕ್ಕೂ ನಡುವೆ ಮೂರು ಮಿ.ಮೀ. ಪ್ಲಾಸ್ಟಿಕ್ ಇರಲಿ. ಬೇರಿಂಗ್‌ನ ಗ್ರೀಸ್ ತೆಗೆಯಬೇಡಿ. ಚಕ್ರ ಸ್ವಲ್ಪ ಭಾರವಾಗಿ ತಿರುಗಿದರೇ ಹಾಡನ್ನು ಹದವಾಗಿ ತಳ್ಳಲು ಆಗುವುದು. ಸೆನ್ಸರ್‌ನ ಐ2ಸಿ (ಚಿಪ್‌ಗಳು ಮಾತಾಡುವ ಎರಡು ತಂತಿಯ ದಾರಿ) ವಿಳಾಸ ಬದಲಿಸಲು ಬರಲ್ಲ, ಎರಡಕ್ಕೂ ಒಂದೇ. ಆದರೆ ಪಿಕೋದಲ್ಲಿ ಎರಡು ಐ2ಸಿ ಬಸ್ ಇವೆ, ಡೆಕ್‌ಗೊಂದು ಕೊಟ್ಟರೆ ಮುಗಿಯಿತು.

ಚಕ್ರದ ಒಂದು ಸುತ್ತಿಗೆ 4096 ಅಂಕ ಬರುತ್ತದೆ. ಹಿಂದಿನ ಓದಿಗೂ ಈಗಿನದಕ್ಕೂ ಇರುವ ವ್ಯತ್ಯಾಸವನ್ನು 64ಕ್ಕೆ (ಅಂದರೆ ಚಕ್ರ ಅಲುಗಿಲ್ಲ ಎಂಬ ನಡುಬೆಲೆಗೆ) ಕೂಡಿಸಿ ಕಳಿಸಬೇಕು. 4095 ದಾಟಿ 0ಗೆ ಬಂದಾಗ ವ್ಯತ್ಯಾಸ ಮೈನಸ್ 4095 ಅಂತ ಬರುತ್ತದೆ, ಹಾಡು ಹಿಂದಕ್ಕೆ ಹಾರುತ್ತದೆ. ಅದಕ್ಕೇ 2048ಕ್ಕಿಂತ ಜಾಸ್ತಿ ಬಂದರೆ 4096 ಕಳೆಯಿರಿ, ಮೈನಸ್ 2048ಕ್ಕಿಂತ ಕೆಳಗಿದ್ದರೆ ಕೂಡಿಸಿ. ಜೋರಾಗಿ ತಿರುಗಿಸಿದರೆ ಏಳು ಬಿಟ್ ಸಾಲದು, ಹಾಗಾಗಿ ನಾಲ್ಕರಿಂದ ಭಾಗಿಸಿ 1024 ಮಾಡಿಕೊಳ್ಳಿ. ಭಾಗಿಸಿ ಉಳಿದ ಶೇಷವನ್ನು ಎಸೆಯದೆ ಮುಂದಿನ ಸಲಕ್ಕೆ ಸೇರಿಸುವುದು ಮುಖ್ಯ. ಎಸೆದರೆ ನಿಧಾನಕ್ಕೆ ತಿರುಗಿಸುವಾಗ ಚಕ್ರ ಸತ್ತಂತಿರುತ್ತದೆ, ಮತ್ತು ಬೀಟ್ ಕೂರಿಸುವುದು ನಿಧಾನಕ್ಕೆ ತಿರುಗಿಸಿಯೇ. ಮುಟ್ಟಿದ್ದನ್ನು ಗುರುತಿಸುವ ಸರ್ಕ್ಯೂಟ್ ಬಿಟ್ಟುಬಿಡಿ. ಚಕ್ರ ತಿರುಗಿಸಿದರೆ ನಜ್ (ಹಾಡನ್ನು ಸ್ವಲ್ಪ ಹಿಂದೆಮುಂದೆ ತಳ್ಳುವುದು), ಶಿಫ್ಟ್ ಹಿಡಿದು ತಿರುಗಿಸಿದರೆ ಸ್ಕ್ರ್ಯಾಚ್.

ಡಬ್ಬಿಗೆ ಮೂರು ಮಿ.ಮೀ. ಅಕ್ರಿಲಿಕ್, ಲೇಸರ್ ಕಟ್. ಕೀಬೋರ್ಡ್ ಸ್ವಿಚ್‌ನ ತೂತು 14 ಮಿ.ಮೀ. ಚೌಕ. ಲೇಸರ್ ಒಂದಿಷ್ಟು ಸುಟ್ಟು ಅಗಲ ಮಾಡುವುದರಿಂದ ಮೊದಲು ಚಿಕ್ಕ ತುಂಡಿನಲ್ಲಿ 13.8, 13.9, 14 ಮೂರನ್ನೂ ಕತ್ತರಿಸಿ ನೋಡಿ. ಸ್ವಿಚ್‌ನ ಕೊಕ್ಕೆ 1.5 ಮಿ.ಮೀ. ಹಲಗೆಗೆಂದು ಮಾಡಿದ್ದು, ಮೂರಕ್ಕೆ ಕಚ್ಚಲ್ಲ, ಕೆಳಗಿನಿಂದ ಒಂದು ಹನಿ ಗ್ಲೂ ಹಾಕಿ. ಬಣ್ಣದ ಎಲ್‌ಇಡಿ ಆಸೆ ಇದ್ದರೆ ಒಂದು ಲೆಕ್ಕ ನೆನಪಿರಲಿ: ಡಬ್ಲ್ಯುಎಸ್2812ಬಿ ಒಂದೊಂದೂ ಪೂರ್ತಿ ಬಿಳಿಯಲ್ಲಿ 60 ಮಿಲಿಆಂಪ್‌ವರೆಗೂ ಎಳೆಯುತ್ತದೆ, 16 ಸೇರಿದರೆ 960. ಯುಎಸ್‌ಬಿ 2.0 ಕೊಡುವುದು 500. ಹೊಳಪನ್ನು ಕೋಡ್‌ನಲ್ಲೇ ಕಾಲು ಭಾಗಕ್ಕೆ ಕಟ್ಟಿಹಾಕಿ.

ಸಾಫ್ಟ್‌ವೇರ್‌ಗೆ ಮಿಕ್ಸ್ (ಕೊನೆಯಲ್ಲಿ ಮೂರು ಎಕ್ಸ್ ಇರುವ ಉಚಿತ, ಓಪನ್ ಸೋರ್ಸ್ ಪ್ರೋಗ್ರಾಂ) ಇದೆ. ನಾಬ್, ಬಟನ್‌ಗಳನ್ನು ಅದರ ಕಲಿಕೆಯ ವಿಝಾರ್ಡ್‌ನಲ್ಲೇ ಜೋಡಿಸಬಹುದು. ಜಾಗ್‌ಗೆ ಮಾತ್ರ ಜಾವಾಸ್ಕ್ರಿಪ್ಟ್‌ನಲ್ಲಿ ನಾಲ್ಕು ಸಾಲು ಬರೆಯಬೇಕು. ಅಲ್ಲಿ ಸ್ಕ್ರ್ಯಾಚ್ ಶುರು ಮಾಡುವ ಫಂಕ್ಷನ್‌ಗೆ ಒಂದು ಸುತ್ತಿಗೆ 1024, ವೇಗ 33⅓ ಎಂದು ಕೊಡಿ. ಈ ಡಬ್ಬಿಯೊಳಗೆ ಆಡಿಯೋ ಹರಿಯುವುದಿಲ್ಲ, ಆದ್ದರಿಂದ ಮುಖ್ಯ ಸೌಂಡಿಗೆ ಒಂದು ಯುಎಸ್‌ಬಿ ಸೌಂಡ್ ಕಾರ್ಡ್ ತಂದು, ಹೆಡ್‌ಫೋನನ್ನು ಲ್ಯಾಪ್‌ಟಾಪ್ ಜಾಕ್‌ಗೆ ಹಾಕಿಕೊಳ್ಳಿ. ದುಡ್ಡಿದ್ದರೆ ನಾಲ್ಕು ಔಟ್‌ಪುಟ್ ಇರುವ ಕಾರ್ಡೇ ವಾಸಿ, ಮುಖ್ಯ ಸೌಂಡೂ ಹೆಡ್‌ಫೋನೂ ಒಂದೇ ಗಡಿಯಾರದ ಮೇಲೆ ನಡೆಯುತ್ತವೆ. ಪಿಕೋದ ಮೈಕ್ರೊ ಯುಎಸ್‌ಬಿ ಸಾಕೆಟ್ ಬಲು ನಾಜೂಕು. ಕೇಬಲ್ಲನ್ನು ಡಬ್ಬಿಯ ಒಳಗೇ ಜಿಪ್ ಟೈನಿಂದ ಗೋಡೆಗೆ ಬಿಗಿದು ಹೊರಗೆ ತನ್ನಿ, ಯಾರಾದರೂ ಎಡವಿದರೂ ಎಳೆತ ಬೋರ್ಡಿಗೆ ಬೀಳಲ್ಲ.